ಎತ್ತು ಆರ್‌-2ಕ್ಕೆ, ಕೋಣ ಆರ್‌-4ಕ್ಕೆ

ಜರ್ಮನಿಗೂ ಸ್ವಿಟ್ಜರ್ಲೆಂಡಿಗೂ ಗಡಿಯಾಗಿ ರೈನ್ ನದಿ ಹರಿಯುವಲ್ಲಿ ಲೌಫೆನ್‌ಬುರ್ಗ್ ಎಂಬ ಊರಿದೆ. ಸರಿಯಾಗಿ ಹೇಳುವುದಾದರೆ ಎರಡಿವೆ: ಈ ದಡದಲ್ಲೊಂದು, ಆ ದಡದಲ್ಲೊಂದು, ಹೆಸರು ಒಂದೇ. ಎರಡನ್ನೂ ಜೋಡಿಸುವ ಹೊಸ ಸೇತುವೆಗೆ ಕೈಹಾಕಿದಾಗ ಎಂಜಿನಿಯರುಗಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಜರ್ಮನ್ನರು ಎತ್ತರ ಅಳೆಯುವುದು ಉತ್ತರ ಸಮುದ್ರದ ಮಟ್ಟದಿಂದ, ಸ್ವಿಸ್ಸರು ಅಳೆಯುವುದು ಮೆಡಿಟರೇನಿಯನ್ ಮಟ್ಟದಿಂದ. ನಡುವೆ 27 ಸೆಂಟಿಮೀಟರ್ ವ್ಯತ್ಯಾಸ. ಅದನ್ನು ಲೆಕ್ಕಕ್ಕೂ ತಂದರು. ತರುವಾಗ ಕೂಡಬೇಕಾದಲ್ಲಿ ಕಳೆದರೋ, ಕಳೆಯಬೇಕಾದಲ್ಲಿ ಕೂಡಿದರೋ, ಅಂತೂ ಚಿಹ್ನೆ ತಿರುಗಿತು. ಕಟ್ಟುತ್ತಿರುವಾಗ ನೋಡಿದರೆ ಎರಡು ದಡಗಳಿಗೂ 54 ಸೆಂಟಿಮೀಟರ್ ಮೇಲುಕೀಳು. ಮಟ್ಟ ತಿದ್ದಿ, ಖರ್ಚು ನುಂಗಿಕೊಂಡು, 2004ರ ಕೊನೆಗೆ ಸೇತುವೆ ತೆರೆದರು.

ನಗುವವರು ನಕ್ಕುಬಿಡಲಿ. ನನಗಂತೂ ಆ ಎರಡೂ ಕಡೆಯವರ ಮೇಲೆ ಗೌರವವೇ. ‘ನಮ್ಮ ಸೊನ್ನೆ ಬೇರೆ, ನಿಮ್ಮ ಸೊನ್ನೆ ಬೇರೆ’ ಎಂದು ಕೆಲಸ ಶುರುವಾಗುವ ಮುಂಚೆಯೇ ಬಾಯಿಬಿಟ್ಟು ಹೇಳಿಕೊಂಡಿದ್ದರಲ್ಲ! ನಾವು ದಿನಾ ನೋಡುವ ಪ್ರಾಜೆಕ್ಟುಗಳಲ್ಲಿ ಅದು ಗೊತ್ತಾಗುವುದು ಸ್ಲ್ಯಾಬ್ ಹಾಕಿ, ಸೆಂಟ್ರಿಂಗ್ ಬಿಚ್ಚಿ, ಬಿಲ್ ಪಾಸಾದ ಮೇಲೆ.

ಇದಕ್ಕೆ ಪರಿಹಾರವಿಲ್ಲವೇ ಎಂದರೆ, ಬೇಕಾದಷ್ಟಿದೆ. ಕಷ್ಟವೇ ಅದು. 2018ರಲ್ಲಿ ಐಎಸ್‌ಒ 19650 ಎಂಬ ಅಂತಾರಾಷ್ಟ್ರೀಯ ಮಾನದಂಡ ಬಂತು. ಅದರ ಪ್ರಕಾರ ಎಲ್ಲ ತಂಡಗಳೂ ಒಂದೇ ಉಗ್ರಾಣದಲ್ಲಿ ನಕ್ಷೆ ಇಡಬೇಕು. ಪ್ರತಿ ನಕ್ಷೆಯೂ ನಾಲ್ಕರಲ್ಲಿ ಒಂದು ಸ್ಥಿತಿಯಲ್ಲಿರಬೇಕು: ಇನ್ನೂ ತಿದ್ದುತ್ತಿರುವುದು, ಇತರರ ಜೊತೆ ಹಂಚಿಕೊಂಡದ್ದು, ಒಪ್ಪಿಗೆ ಪಡೆದು ಹೊರಬಿದ್ದದ್ದು, ಹಳೆಯದೆಂದು ಕಟ್ಟಿಟ್ಟದ್ದು. ಬಹಳ ಒಳ್ಳೆಯ ವ್ಯವಸ್ಥೆ. ನಮ್ಮ ಕಚೇರಿಗಳು ಇದನ್ನು ಶ್ರದ್ಧೆಯಿಂದ ಅಳವಡಿಸಿಕೊಂಡು, ಐದನೆಯದೊಂದನ್ನು ತಮ್ಮ ಕಾಣಿಕೆಯಾಗಿ ಸೇರಿಸಿವೆ: ‘ವಾಟ್ಸ್ಆ್ಯಪ್‌ನಲ್ಲಿ ಹಾಕಿದ್ದೆನಲ್ಲ’. ಮೊದಲಿನ ನಾಲ್ಕಕ್ಕೆ ಸರ್ವರ್ ಬೇಕು, ಪಾಸ್‌ವರ್ಡ್ ಬೇಕು, ಲೈಸೆನ್ಸ್ ಬೇಕು. ಕಟ್ಟಡ ಏಳುವುದು ಐದನೆಯದರ ಮೇಲೆ.

ಫೈಲಿನ ಹೆಸರಿಗೂ ನಿಯಮವಿದೆ. ಪ್ರಾಜೆಕ್ಟಿನ ಸಂಕೇತ, ಕಂಪನಿಯ ಸಂಕೇತ, ಬ್ಲಾಕು, ಅಂತಸ್ತು, ವಿಭಾಗ, ಕ್ರಮಸಂಖ್ಯೆ, ನಡುನಡುವೆ ಅಡ್ಡಗೆರೆ. ಆ ಹೆಸರನ್ನು ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ರಿವಿಷನ್ ಬಂದಿರುತ್ತದೆ. ಹಾಗಾಗಿ ಜನ ಸುಲಭದ ದಾರಿ ಹಿಡಿದು ‘ಫೈನಲ್’ ಎನ್ನುತ್ತಾರೆ. ಫೈನಲ್ ಎಂದು ಹೆಸರಿದ್ದರೆ ಇನ್ನೂ ಎರಡಾದರೂ ಬರುವುದಿದೆ ಎಂದು ಪಳಗಿದವರು ತಿಳಿಯುತ್ತಾರೆ, ಅದರಲ್ಲಿ ಹೇಳುವಂಥದ್ದೇನಿಲ್ಲ.

ಹೇಳಬೇಕಾದದ್ದು ಮೋಡದ ಬಗ್ಗೆ. ನಕ್ಷೆಯಲ್ಲಿ ಏನಾದರೂ ಬದಲಾದರೆ ಆ ಜಾಗದ ಸುತ್ತ ಮೋಡದ ಆಕಾರದ ಗೆರೆ ಎಳೆದು, ಪಕ್ಕದಲ್ಲಿ ಪುಟ್ಟ ತ್ರಿಕೋನದೊಳಗೆ ಆರ್‌-1, ಆರ್‌-2 ಎಂದು ರಿವಿಷನ್ ಸಂಖ್ಯೆ ಬರೆಯುವುದು ಕಾಗದದ ಕಾಲದಿಂದ ಬಂದ ಪದ್ಧತಿ. ನೋಡುವವನ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಇಡೀ ಎಂಜಿನಿಯರಿಂಗ್ ಲೋಕದಲ್ಲಿ ಇಷ್ಟು ಅಗ್ಗದ, ಇಷ್ಟು ಸಭ್ಯವಾದ ಉಪಾಯ ಇನ್ನೊಂದಿಲ್ಲ. ಈಗ ಏನಾಗಿದೆಯೆಂದರೆ, ಅವಸರದಲ್ಲಿರುವ ಹುಡುಗ ಇಡೀ ಹಾಳೆಗೇ ಒಂದು ಮೋಡ ಸುತ್ತಿ, ಕೆಳಗೆ ‘ಜನರಲ್ ರಿವಿಷನ್’ ಎಂದು ಬರೆದು ಕಳಿಸುತ್ತಾನೆ. ಏನೋ ಬದಲಾಗಿದೆ, ಎಲ್ಲಿ ಎಂದು ಹುಡುಕಿಕೊಳ್ಳುವುದು ನಿಮ್ಮ ಪುಣ್ಯ. ಸಿಕ್ಕರೆ ನಿಮ್ಮ ಜಾಣತನ; ಸಿಗದಿದ್ದರೆ ಜವಾಬ್ದಾರಿ ನಿಮ್ಮದೇ, ಮೋಡ ಹಾಕಿ ತೋರಿಸಿದ್ದರಲ್ಲ!

ಇವೆಲ್ಲವನ್ನೂ ಹೊಂದಿಸಲೆಂದೇ ವಾರಕ್ಕೊಂದು ಕೋಆರ್ಡಿನೇಷನ್ ಮೀಟಿಂಗ್ ಇರುತ್ತದೆ. ಯಾವ ಪ್ರಾಜೆಕ್ಟಿನದಕ್ಕಾದರೂ ಹೋಗಿ ಕೂತುಕೊಳ್ಳಿ, ಪಾತ್ರಗಳು ಬದಲಾದರೂ ಮಾತು ಬದಲಾಗುವುದಿಲ್ಲ. ಗೋಡೆಯ ಮೇಲೆ ಕಟ್ಟಡದ ಮೂರು ಆಯಾಮದ ಚಿತ್ರ. ಸ್ಟ್ರಕ್ಚರ್‌ನವರ ಬೀಮು ಬೂದು ಬಣ್ಣ, ಸರ್ವಿಸಸ್‌ನವರ ಎ.ಸಿ. ಡಕ್ಟು ನೀಲಿ, ಎರಡೂ ಗುದ್ದಿಕೊಂಡಲ್ಲಿ ಕೆಂಪು. ಪರದೆ ಪೂರ್ತಿ ಸಿಡುಬು ಎದ್ದಂತಿದೆ.

‘ಸಾರ್, ನಿಮ್ಮ ಬೀಮು ನಮ್ಮ ಡಕ್ಟಿಗೆ ಅಡ್ಡ ಬಂದಿದೆ.’

‘ಬೀಮು ಎಲ್ಲೂ ಬರಲ್ಲ ಹೋಗಲ್ಲ ಕಣ್ರೀ. ಮೊದಲಿಂದ ಅಲ್ಲೇ ಇದೆ. ನಿಮ್ಮ ಡಕ್ಟು ಬಂದು ಗುದ್ದಿರೋದು.’

‘ಆರ್‌-2ರಲ್ಲಿ 450 ಇತ್ತಲ್ಲ ಸಾರ್, ಈಗ 600 ಹೇಗಾಯ್ತು?’

‘ಆರ್‌-4ರಲ್ಲಿ ಮಾಡಿದೀವಿ.’

‘ಆರ್‌-4 ನಮಗೆ ಬಂದೇ ಇಲ್ಲ.’

‘ಸರ್ವರ್‌ಗೆ ಹಾಕಿದೀವಿ. ನೀವು ನೋಡ್ಕೋಬೇಕಿತ್ತು.’

‘ಸರಿ ಸಾರ್, ಆರ್‌-3 ಎಲ್ಲಿ?’

ಎರಡು ಕ್ಷಣ ಯಾರೂ ಮಾತಾಡುವುದಿಲ್ಲ. ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬರುತ್ತದೆ. ಆಮೇಲೆ ಸ್ಟ್ರಕ್ಚರ್‌ನವರು ದನಿ ತಗ್ಗಿಸಿ ಹೇಳುತ್ತಾರೆ: ‘ಅದು ಇಂಟರ್ನಲ್.’

ಬೀಮು ಒಂದೂವರೆ ನೂರು ಮಿಲಿಮೀಟರ್ ಆಳವಾದದ್ದು ಏಕೆಂದು ಕೆದಕಿದರೆ, ಆರ್ಕಿಟೆಕ್ಟರು ಲಾಬಿಯ ನಡುವಿನ ಕಂಬ ತೆಗೆದಿದ್ದಾರೆ. ಕಂಬ ತೆಗೆದದ್ದು ಏಕೆಂದರೆ ಮಾಲೀಕರು ಹೇಳಿದ್ದಾರೆ. ಮಾಲೀಕರು ಹೇಳಿದ್ದು ಏಕೆಂದರೆ ಬ್ರಹ್ಮಸ್ಥಾನದಲ್ಲಿ ಕಂಬ ಇರಬಾರದೆಂದು ವಾಸ್ತು ಪಂಡಿತರು ಅಪ್ಪಣೆ ಕೊಡಿಸಿದ್ದಾರೆ. ತಂತ್ರಾಂಶ ಮಾರುವವರು ‘ಸಿಂಗಲ್ ಸೋರ್ಸ್ ಆಫ್ ಟ್ರುತ್’ ಎಂದು ಬಾಯಿ ಒಣಗುವಂತೆ ಹೇಳುವ ವಸ್ತು ನಿಜಕ್ಕೂ ಕಾಣಸಿಗುವುದು ಇಲ್ಲಿ ಮಾತ್ರ. ಪಂಡಿತರ ಮಾತಿಗೆ ಡ್ರಾಯಿಂಗ್ ನಂಬರ್ ಇಲ್ಲ, ಆರ್‌-1 ಇಲ್ಲ, ಮೋಡವಿಲ್ಲ. ಅದರ ಮೇಲೆ ಮೀಟಿಂಗೂ ಇಲ್ಲ.

ಇನ್ನು ಆ ಕೆಂಪು ಚುಕ್ಕೆಗಳ ಕಥೆ. ಹೀಗೆ ಗುದ್ದಾಟ ಹುಡುಕಿಕೊಡುವ ನೇವಿಸ್‌ವರ್ಕ್ಸ್ ಎಂಬ ತಂತ್ರಾಂಶ ಪ್ರತಿಯೊಂದು ಗುದ್ದಾಟಕ್ಕೂ ಒಂದೊಂದು ಸ್ಥಿತಿ ಕೊಡುತ್ತದೆ: ಹೊಸದು, ಸಕ್ರಿಯ, ಪರಿಶೀಲಿತ, ಅನುಮೋದಿತ, ಪರಿಹೃತ. ಪರಿಹೃತ ಎಂದರೆ ನಿಜವಾಗಿಯೂ ಬಗೆಹರಿದದ್ದು. ಅನುಮೋದಿತ ಎಂದರೆ ಗುದ್ದಾಟ ಇದೆ, ಇರಲಿ, ನಮಗೆ ಒಪ್ಪಿಗೆ! ಇದನ್ನು ಇಟ್ಟಿದ್ದಕ್ಕೆ ನ್ಯಾಯವಾದ ಕಾರಣವಿದೆ. ಪೈಪಿನ ಮೇಲಿನ ಮೆತ್ತನೆ ಹೊದಿಕೆ ಇನ್ನೊಂದಕ್ಕೆ ಸ್ವಲ್ಪ ತಾಗಿದರೆ ಪ್ರಪಂಚ ಮುಳುಗುವುದಿಲ್ಲ. ಆದರೆ ಸೋಮವಾರ ಮಾಲೀಕರಿಗೆ ರಿಪೋರ್ಟ್ ಹೋಗಬೇಕಾಗಿರುವ ಶನಿವಾರ ರಾತ್ರಿ ಆ ‘ಅನುಮೋದಿತ’ ಗುಂಡಿ ಯಾರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎಲ್ಲವನ್ನೂ ಆಯ್ಕೆ ಮಾಡು, ಅನುಮೋದಿಸು. ಸೋಮವಾರದ ಸ್ಲೈಡಿನಲ್ಲಿ ಕೆಂಪು ಗೆರೆ ನೆಲ ಕಚ್ಚಿದೆ. ಚಪ್ಪಾಳೆ. ಬೀಮಿನೊಳಗೆ ಡಕ್ಟು ಹಾಗೇ ಇದೆ. ಈಗ ಅದಕ್ಕೆ ಅನುಮತಿಯೂ ಸಿಕ್ಕಿದೆ.

ಸೈಟಿನಲ್ಲಿ ಇದರ ಅನುವಾದ ಸರಳ. ಮೇಸ್ತ್ರಿಯ ಕೈಯಲ್ಲಿ ಎರಡು ಹಾಳೆ, ಎರಡಕ್ಕೂ ‘ಗುಡ್ ಫಾರ್ ಕನ್‌ಸ್ಟ್ರಕ್ಷನ್’ ಎಂಬ ಕೆಂಪು ಮೊಹರು. ‘ಯಾವ್ದನ್ನ ಕಟ್ಲಿ ಸಾರ್?’ ಎಂದರೆ ಸೈಟ್ ಎಂಜಿನಿಯರ್ ‘ಕೇಳಿ ಹೇಳ್ತೀನಿ ಇರು’ ಎನ್ನುತ್ತಾನೆ. ಕೇಳಲು ನಮೂನೆ ಇದೆ, ಅದಕ್ಕೆ ಉತ್ತರ ಕೊಡಲು ಏಳು ದಿನದ ಗಡುವಿದೆ. ಕಾಂಕ್ರೀಟ್ ಲಾರಿ ಮಾತ್ರ ಗೇಟಿನ ಹತ್ತಿರ ಡ್ರಮ್ಮು ತಿರುಗಿಸುತ್ತಾ ನಿಂತಿದೆ, ಒಂದೂವರೆ ಎರಡು ಗಂಟೆಗಿಂತ ಅದು ಕಾಯುವಂತಿಲ್ಲ. ಮೇಸ್ತ್ರಿ ಆಕಾಶ ನೋಡುತ್ತಾನೆ, ಲಾರಿ ನೋಡುತ್ತಾನೆ, ಎರಡು ಹಾಳೆಗಳಲ್ಲಿ ಕಡಿಮೆ ಹರಿದದ್ದನ್ನು ಆರಿಸಿಕೊಳ್ಳುತ್ತಾನೆ. ಮೂರು ತಿಂಗಳ ನಂತರ ಕೋರ್ ಕಟಿಂಗ್‌ನವನು ಮೆಷಿನ್ ಹೊತ್ತುಕೊಂಡು ಬಂದು, ಗಟ್ಟಿಯಾದ ಬೀಮಿಗೆ ತೂತು ಕೊರೆದು, ಅಂಗುಲದ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಇಡೀ ಪ್ರಾಜೆಕ್ಟಿನಲ್ಲಿ ಮೂರು ತಂಡಗಳ ನಕ್ಷೆಯನ್ನೂ ಒಂದೇ ಜಾಗಕ್ಕೆ ತಂದು ಕೂಡಿಸುವ ಏಕೈಕ ವೃತ್ತಿಪರ ಅವನೇ.

ಒಂದೇ ಆಕಾಶ ನೋಡಿ ಎರಡು ಪಂಚಾಂಗ ಬರೆಯುವ ನಾಡು ನಮ್ಮದು. ಏಕಾದಶಿ ಇವರಿಗೆ ಇವತ್ತು, ಅವರಿಗೆ ನಾಳೆ. ಅದರಿಂದ ಯಾರಿಗೂ ನಷ್ಟವಿಲ್ಲ, ಬೇಕಾದವರು ಎರಡೂ ದಿನ ಉಪವಾಸ ಮಾಡಬಹುದು. ಆ ಅಭ್ಯಾಸಬಲದಿಂದಲೇ ಇರಬೇಕು, ಎರಡು ನಕ್ಷೆ ಕಂಡರೂ ನಮಗೆ ಗಾಬರಿಯಾಗುವುದಿಲ್ಲ. ಕಂಬಕ್ಕೆ ಮಾತ್ರ ಎರಡೂ ದಿನದ ಅನುಕೂಲವಿಲ್ಲ, ಅದು ಒಂದೇ ಕಡೆ ನಿಲ್ಲಬೇಕು.

ಇದೆಲ್ಲ ನಮ್ಮವರ ಹಣೆಬರಹ, ಹೊರದೇಶದಲ್ಲಿ ಹೀಗಿರುವುದಿಲ್ಲ ಎಂದು ನಿಟ್ಟುಸಿರು ಬಿಡುವವರು ಏರ್‌ಬಸ್ ಎ380 ಎಂಬ ಎರಡಂತಸ್ತಿನ ವಿಮಾನದ ಚರಿತ್ರೆ ಓದಬೇಕು. ದೇವನಹಳ್ಳಿಯ ನಿಲ್ದಾಣಕ್ಕೆ 2022ರ ಅಕ್ಟೋಬರಿನಲ್ಲಿ ಮೊದಲ ಸಲ ಬಂದಿಳಿದಾಗ ನಾವೆಲ್ಲ ಫೋಟೊ ಹೊಡೆದುಕೊಂಡೆವಲ್ಲ, ಅದೇ. ಅದರ ಹೊಟ್ಟೆಯಲ್ಲಿ ಸುಮಾರು 530 ಕಿಲೋಮೀಟರ್ ತಂತಿಯಿದೆ. ಬೆಂಗಳೂರಿನಿಂದ ಹೊರಟರೆ ಬೆಳಗಾವಿ ದಾಟಿಸುವಷ್ಟು. ರೆಕ್ಕೆ ಬ್ರಿಟನ್ನಿನಲ್ಲಿ, ಬಾಲದ ಭಾಗಗಳು ಸ್ಪೇನಿನಲ್ಲಿ, ಒಡಲಿನ ದೊಡ್ಡ ತುಂಡುಗಳು ಜರ್ಮನಿಯ ಹ್ಯಾಂಬರ್ಗಿನಲ್ಲಿ ತಯಾರಾಗಿ, ಹಡಗು, ದೋಣಿ, ಟ್ರೇಲರ್ ಏರಿ ಫ್ರಾನ್ಸಿನ ತುಲೂಸಿಗೆ ಬಂದು ಅಲ್ಲಿ ಜೋಡಣೆ. ಎಲ್ಲರ ಕೈಯಲ್ಲೂ ಕಾಟಿಯಾ ಎಂಬ ಒಂದೇ ತಂತ್ರಾಂಶ. ಆದರೆ ತುಲೂಸಿನವರದು ಐದನೇ ಆವೃತ್ತಿ, ಹ್ಯಾಂಬರ್ಗಿನವರದು ನಾಲ್ಕನೆಯದು. ಐದನೆಯದು ನಾಲ್ಕರ ತಮ್ಮನೇನಲ್ಲ. ಬುಡದಿಂದ ಹೊಸದಾಗಿ ಬರೆದದ್ದು. ಒಂದರ ನಕ್ಷೆ ಇನ್ನೊಂದಕ್ಕೆ ದಾಟುವಾಗ ಎಲ್ಲವೂ ಪೂರ್ತಿ ದಾಟುತ್ತಿರಲಿಲ್ಲ.

ನಾಲ್ಕು ದೇಶಗಳ ಬುದ್ಧಿವಂತರು ಕೂತು ಪ್ರಪಂಚದ ಅತಿ ದೊಡ್ಡ ಪ್ರಯಾಣಿಕ ವಿಮಾನಕ್ಕೆ ಲೆಕ್ಕ ಹಾಕಿದರು. ಎಲ್ಲರೂ ಒಂದೇ ಆವೃತ್ತಿಗೆ ಬನ್ನಿ ಎಂದು ಯಾರೂ ಯಾರಿಗೂ ಗದರಿ ಹೇಳಲಿಲ್ಲ. ಹೇಳುವುದು ಸುಲಭವೂ ಆಗಿರಲಿಲ್ಲ ಬಿಡಿ. ಕೆಲಸದ ನಡುವೆ ತಂತ್ರಾಂಶ ಬದಲಿಸಿದರೆ ಜನರಿಗೆ ಮತ್ತೆ ತರಬೇತಿ ಕೊಡಬೇಕು, ತಿಂಗಳುಗಟ್ಟಲೆ ಹಿಂದೆ ಬೀಳಬೇಕು. ಅದೂ ಅಲ್ಲದೆ, ನಮ್ಮ ಆವೃತ್ತಿ ಬಿಟ್ಟು ನಿಮ್ಮದಕ್ಕೆ ಏಕೆ ಬರಬೇಕು ಎಂಬ ಪ್ರಶ್ನೆ ಗಡಿ ಇದ್ದ ಕಡೆಯೆಲ್ಲ ಇದ್ದದ್ದೇ. ಹ್ಯಾಂಬರ್ಗಿನಿಂದ ಬಂದ ಒಡಲಿನ ತುಂಡುಗಳೊಳಗೆ ತಂತಿಯ ಕಟ್ಟುಗಳು ಮೊದಲೇ ಕೂತಿದ್ದವು. ತುಲೂಸಿನಲ್ಲಿ ಜೋಡಿಸಲು ಹೋದರೆ ಕೆಲವು ತಂತಿಗಳು ಈ ತುದಿಯಿಂದ ಆ ತುದಿಗೆ ಎಟುಕಲಿಲ್ಲ. ಗಿಡ್ಡ! ಅಲ್ಯೂಮಿನಿಯಂ ತಂತಿ ತಾಮ್ರದಷ್ಟು ಸುಲಭವಾಗಿ ಬಾಗುವುದಿಲ್ಲ, ತಿರುವಿನಲ್ಲಿ ಹೆಚ್ಚು ಜಾಗ ಕೇಳುತ್ತದೆ ಎಂಬ ಸಣ್ಣ ಸತ್ಯ ಒಂದು ಗಣಕದಿಂದ ಇನ್ನೊಂದಕ್ಕೆ ದಾಟುವಾಗ ದಾರಿ ತಪ್ಪಿತ್ತು. ಕೊನೆಗೆ ಜರ್ಮನಿಯಿಂದ ನೂರಾರು ಕೆಲಸಗಾರರು ತುಲೂಸಿಗೆ ಬಂದು ಬಿಡಾರ ಹೂಡಿ ತಂತಿಗಳನ್ನು ಕೈಯಲ್ಲೇ ಬಿಚ್ಚಿ ಎಳೆದು ಸರಿಮಾಡಿದರು. ಪರದೆಯ ಮೇಲೆ ಆಗಬೇಕಿದ್ದ ಕೋಆರ್ಡಿನೇಷನ್ ಮಂಡಿಯೂರಿ ಇಕ್ಕಳ ಹಿಡಿದು ಆಯಿತು. ಹಾಗೆ ನೋಡಿದರೆ ಅವರು ನಮ್ಮ ಕೋರ್ ಕಟಿಂಗ್‌ನವನ ವಿಲಾಯತಿ ದಾಯಾದಿಗಳು.

2006ರಲ್ಲಿ ಮೊದಲ ಗಿರಾಕಿಯ ಕೈಸೇರಬೇಕಿದ್ದ ವಿಮಾನ ಸಿಂಗಪುರ ಏರ್‌ಲೈನ್ಸಿಗೆ ಸಿಕ್ಕಿದ್ದು 2007ರ ಅಕ್ಟೋಬರಿನಲ್ಲಿ. ನಡುವೆ 2006ರ ಜೂನಿನಲ್ಲಿ ಹೊಸ ವಿಳಂಬ ಪ್ರಕಟಿಸಿದ ಮರುದಿನ ಏರ್‌ಬಸ್‌ನ ಮಾತೃಸಂಸ್ಥೆಯ ಷೇರು ಒಂದೇ ಏಟಿಗೆ ಶೇ. 26ರಷ್ಟು ಕುಸಿಯಿತು. ಜುಲೈನಲ್ಲಿ ಏರ್‌ಬಸ್ ಮುಖ್ಯಸ್ಥರೂ ಮಾತೃಸಂಸ್ಥೆಯ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರೂ ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ ಕಂಪನಿಯೇ ಹೇಳಿದ ಅಂದಾಜಿನಂತೆ 2010ರವರೆಗಿನ ಲಾಭದಲ್ಲಿ 480 ಕೋಟಿ ಯೂರೊ ಖೋತಾ. ನಾಲ್ಕಕ್ಕೂ ಐದಕ್ಕೂ ಇರುವ ವ್ಯತ್ಯಾಸ ಒಂದು ಎಂದು ಒಂದನೇ ಕ್ಲಾಸಿನಲ್ಲಿ ಕಲಿಸಿದ ಮೇಷ್ಟ್ರು ಇದನ್ನು ನೋಡಬೇಕಿತ್ತು.

ಒಂದು ಕಡೆ ಮಾತ್ರ ನಗು ಬರುವುದಿಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ 1981ರ ಜುಲೈ 17ರ ಸಂಜೆ ಲಾಬಿಯ ಮೇಲೆ ತೂಗುಬಿಟ್ಟಿದ್ದ ನಡೆಸೇತುವೆಗಳು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ ಎರಡೂ ಸೇತುವೆಗಳನ್ನು ಮೇಲಿಂದ ಕೆಳಗಿನವರೆಗೆ ಒಂದೇ ಉದ್ದದ ಸರಳುಗಳು ಹಿಡಿದಿದ್ದವು. ಅಷ್ಟುದ್ದ ಸರಳಿಗೆ ಮರೆ ಕೊರೆಯುವುದು ಕಷ್ಟವೆಂದು ಉಕ್ಕಿನ ಕೆಲಸದವರು ಅದನ್ನು ಎರಡಾಗಿ ತುಂಡರಿಸಿದರು. ಕೆಳಗಿನ ಸೇತುವೆ ಮೇಲಿನದಕ್ಕೆ ಜೋತುಬಿತ್ತು, ಮೇಲಿನ ಜೋಡಣೆಗೆ ಭಾರ ದುಪ್ಪಟ್ಟಾಯಿತು. ಬದಲಾದ ನಕ್ಷೆಯ ಮೇಲೆ ಎಂಜಿನಿಯರುಗಳ ಮೊಹರು ಬಿತ್ತು. ವಿಚಾರಣೆಯಲ್ಲಿ ಉಕ್ಕಿನವರು ‘ಫೋನ್ ಮಾಡಿ ಒಪ್ಪಿಗೆ ಕೇಳಿದ್ದೆವು’ ಎಂದರು, ಎಂಜಿನಿಯರುಗಳು ‘ಅಂಥ ಫೋನೇ ಬಂದಿಲ್ಲ’ ಎಂದರು. ಮೊಹರು ಒತ್ತಿದ್ದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿರಲಿಲ್ಲ. ಎಂಜಿನಿಯರುಗಳ ಪರವಾನಗಿ ಹೋಯಿತು. ‘ಫೋನಲ್ಲಿ ಹೇಳಿದ್ದೆ ಸಾರ್’ ಎಂಬ ಮಾತು ನಮ್ಮ ಸೈಟುಗಳಲ್ಲಿ ದಿನಕ್ಕೆಷ್ಟು ಸಲ ಕೇಳುತ್ತದೆ ಎಂದು ಬಲ್ಲವರಿಗೆ ಇದನ್ನು ಓದುವಾಗ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ನಮ್ಮ ದೇಶದ ಕೊಡುಗೆಗೆ ಬರೋಣ. ಭೋಪಾಲದ ಐಶ್‌ಬಾಗ್ ರೈಲ್ವೆ ಮೇಲ್ಸೇತುವೆ 2025ರಲ್ಲಿ ದೇಶವನ್ನೆಲ್ಲ ನಗಿಸಿತು. ಸುಮಾರು 18 ಕೋಟಿ ರೂಪಾಯಿಯ ಸೇತುವೆ ನಡುವೆ ಥಟ್ಟನೆ ಗೋಡೆಯ ಮೂಲೆಯಂತೆ ತಿರುಗುತ್ತದೆ, 90 ಡಿಗ್ರಿ ಎಂದು ಊರೆಲ್ಲ ಸುದ್ದಿ. ರೈಲ್ವೆಯವರ ಜಾಗ ರೈಲ್ವೆಯವರಿಗೆ, ಲೋಕೋಪಯೋಗಿಯವರ ಜಾಗ ಲೋಕೋಪಯೋಗಿಯವರಿಗೆ. ಎರಡು ಇಲಾಖೆಗಳು ಸಂಧಿಸುವಲ್ಲಿ ಬಸ್ಸು ಹೇಗೆ ತಿರುಗಬೇಕು ಎಂಬುದು ಯಾವ ಇಲಾಖೆಗೂ ಸೇರಿದ ವಿಷಯವಾಗಿರಲಿಲ್ಲ. ಏಳು ಎಂಜಿನಿಯರುಗಳು ಅಮಾನತಾದರು, ಗುತ್ತಿಗೆದಾರರು ಕಪ್ಪುಪಟ್ಟಿಗೆ ಹೋದರು. ಗುತ್ತಿಗೆದಾರರು ಹೈಕೋರ್ಟಿಗೆ ಹೋದರು. ಭೋಪಾಲದ ತಂತ್ರಜ್ಞಾನ ಸಂಸ್ಥೆಯ ಪರಿಣತರು ಅಳತೆಪಟ್ಟಿ ಹಿಡಿದು ನೋಡಿ ವರದಿ ಕೊಟ್ಟರು: ಕೋನ 90 ಅಲ್ಲ, 118ರಿಂದ 119 ಡಿಗ್ರಿ! ಸೇತುವೆ ಬಿಡಿ, ಸೇತುವೆಯ ತಪ್ಪಿಗೇ ಎರಡು ಆವೃತ್ತಿ. ನಕ್ಕವರು ಯಾವ ರಿವಿಷನ್ ನೋಡಿ ನಕ್ಕಿದ್ದರು ಎಂದು ಈಗ ಯಾರನ್ನು ಕೇಳುವುದು?

ನಕ್ಷೆಗಳು ತಾಳೆಯಾಗದಿರುವುದನ್ನು ಎಲ್ಲರೂ ಅಜಾಗರೂಕತೆ ಎನ್ನುತ್ತಾರೆ. ಹಾಗಾಗಿಯೇ ತರಬೇತಿ ಕೊಡುತ್ತಾರೆ, ಹೊಸ ತಂತ್ರಾಂಶ ಕೊಳ್ಳುತ್ತಾರೆ. ನನ್ನ ಅನುಮಾನ ಬೇರೆ. ಇಷ್ಟು ಜಾಗರೂಕತೆಯಿಂದ ನಡೆಯುವ ಕೆಲಸ ಇನ್ನೊಂದಿಲ್ಲ. ಪ್ರತಿ ತಂಡವೂ ತನ್ನದೇ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ; ಯಾವ ಮೇಲ್ ಯಾವಾಗ ಯಾರಿಗೆ ಹೋಯಿತು, ಯಾರ ಹೆಸರು ಸಿಸಿಯಲ್ಲಿತ್ತು ಎಂಬುದನ್ನು ಕಣ್ಣುಮುಚ್ಚಿ ಹೇಳುತ್ತದೆ. ಕಂಬ ಎಲ್ಲಿದೆ ಎಂದು ಕೇಳಿದರೆ ತಡಕಾಡುವವನು, ಕಂಬ ಸರಿಸಿದ್ದನ್ನು ತನಗೆ ತಿಳಿಸಲಿಲ್ಲ ಎಂಬುದಕ್ಕೆ ಸ್ಕ್ರೀನ್‌ಶಾಟ್ ತೋರಿಸಬಲ್ಲ. ನಕ್ಷೆ ಬರೆಯುವುದು ಕಟ್ಟುವುದಕ್ಕೆ ಎಂದು ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಗುವುದು, ಅದನ್ನು ಬರೆಯುವುದು ಕಟ್ಟಿದ್ದು ಕೆಟ್ಟಾಗ ತೋರಿಸುವುದಕ್ಕೆ. ಎಲ್ಲರ ನಕ್ಷೆಯೂ ಒಂದೇ ಆಗಿಬಿಟ್ಟರೆ ಆ ದಿನ ಯಾರು ಯಾರ ಕಡೆ ಬೆರಳು ತೋರಿಸಬೇಕು? ತಾಳೆಯಾಗದ ನಕ್ಷೆ ಎಲ್ಲರೂ ಸೇರಿ ಕಂತು ಕಟ್ಟುತ್ತಿರುವ ವಿಮೆ. ಅದನ್ನು ಬಿಡಿಸಲು ಬರುವ ಯಾವ ತಂತ್ರಾಂಶವನ್ನೂ ನಾವು ಸಂತೋಷದಿಂದ ಕೊಳ್ಳುತ್ತೇವೆ, ಬಳಸುವುದಿಲ್ಲ, ಅಷ್ಟೇ.

ಬಳಸುವ ಒಬ್ಬನಿದ್ದಾನೆ. ಡಾಕ್ಯುಮೆಂಟ್ ಕಂಟ್ರೋಲರ್ ಎಂದು ಅವನ ಹುದ್ದೆ. ಹೆಸರಿನಲ್ಲಿ ಕಂಟ್ರೋಲ್ ಇದೆ, ಸಂಬಳದಲ್ಲಿ ಇಲ್ಲ. ಪ್ರಿಂಟರ್ ಪಕ್ಕದಲ್ಲಿ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಅವನ ಮೇಜು. ಬಂದ ಪ್ರತಿ ನಕ್ಷೆಯನ್ನೂ ಅವನು ರಿಜಿಸ್ಟರಿಗೆ ಏರಿಸುತ್ತಾನೆ, ಹಳೆಯದಕ್ಕೆ ‘ಸೂಪರ್‌ಸೀಡೆಡ್’ ಎಂದು ಮೊಹರು ಒತ್ತುತ್ತಾನೆ, ಸೈಟಿನ ಕಪಾಟಿನಿಂದ ಹಳೆಯದನ್ನು ವಾಪಸು ಕೇಳಿ ಬೈಸಿಕೊಳ್ಳುತ್ತಾನೆ. ಆರ್‌-3 ಎಲ್ಲಿ ಎಂಬುದು ಅವನಿಗೊಬ್ಬನಿಗೇ ಗೊತ್ತು. ಆದರೆ ಕೋಆರ್ಡಿನೇಷನ್ ಮೀಟಿಂಗಿಗೆ ಅವನನ್ನು ಕರೆಯುವುದಿಲ್ಲ. ಅಲ್ಲಿ ಕುರ್ಚಿ ಕಡಿಮೆ. ಮೊಹರಿಲ್ಲದ ನಕ್ಷೆ ಸೈಟಿಗೆ ಹೋಗುವುದನ್ನು ಕಂಡರೆ ತಡೆದು ನಿಲ್ಲಿಸುವ ಅಧಿಕಾರ ಅವನಿಗಿದೆಯೇ ಎಂದು ಪ್ರಾಜೆಕ್ಟ್ ಮ್ಯಾನೇಜರನ್ನು ಕೇಳಿ ನೋಡಿ. ‘ಅವನಿಗಾ?’ ಎಂದು ನಿಜವಾಗಿಯೂ ಆಶ್ಚರ್ಯಪಡುತ್ತಾರೆ.

ಖರ್ಚು ಕಡಿತದ ಮಾತು ಬಂದಾಗ ಮೊದಲು ಹೋಗುವುದು ಅವನ ಹುದ್ದೆ. ಹೊಸ ಕ್ಲೌಡ್ ವ್ಯವಸ್ಥೆ ಬರುತ್ತಿದೆ, ಇನ್ನು ಎಲ್ಲ ತಾನಾಗಿಯೇ ಆಗುತ್ತದೆ ಎಂದು ಆಡಳಿತ ಮಂಡಳಿಗೆ ತೋರಿಸಿದ ಸ್ಲೈಡಿನಲ್ಲಿದೆ. ಆ ಸ್ಲೈಡನ್ನು ನೋಡಬೇಕೆಂದು ಕೇಳಿದರೆ ಇಬ್ಬರು ಎರಡು ಫೈಲ್ ಕಳಿಸುತ್ತಾರೆ.